ಹರಿದ ಹಂಜಿ, ನೆಗ್ಗಿದ ಡಬ್ಬಿ: ಕ್ಲಾಸಿನ ಬೆಂಚಿನ ಮೇಲೆ ಕೈಗಾರಿಕಾ ಕ್ರಾಂತಿ

ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಒಂದು ಕಾರ್ಖಾನೆಯನ್ನೇ ಹೊತ್ತುಕೊಂಡು ಬಂದ. ಥರ್ಮಾಕೋಲಿನದು. ಗೋಡೆಗೆಲ್ಲ ಇಟ್ಟಿಗೆ ಬಣ್ಣ, ನೀಟಾಗಿ ಗೆರೆ ಎಳೆದ ಕಿಟಕಿಗಳು. ಎತ್ತರದ ಚಿಮಣಿ, ಅದರ ಬಾಯಿಗೆ ಹೊಗೆ ಕಾಣಲಿ ಅಂತ ಹತ್ತಿ ಅಂಟಿಸಿದ್ದ. ಕೆಳಗೆ ಬೋರ್ಡು: 'ಕೈಗಾರಿಕಾ ಕ್ರಾಂತಿ, ಇಂಗ್ಲೆಂಡ್, 1760'. ನೋಡೋಕೆ ಚೆಂದವೇ ಇತ್ತು. ಒಳಗೆ ಏನಿದೆ ಅಂತ ಕೇಳಿದೆ.

"ಒಳಗ ಏನಿಲ್ರಿ ಸರ್, ಬರೇ ಹೊರಗಿಂದ ಅಷ್ಟ."

ಮೊದಲು ನಗು ಬಂತು. ಆಮೇಲೆ ಸ್ವಲ್ಪ ಮುಜುಗರ ಆಯಿತು, ಯಾಕೆಂದರೆ ನಾನು ಮಾಡಿದ್ದ ಪಾಠವೂ ಹಾಗೇ ಇತ್ತು. ಜಾನ್ ಕೇ, ಹಾರ್‌ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್, ಕಾರ್ಟ್‌ರೈಟ್, ವ್ಯಾಟ್. ಎದುರಿಗೊಂದು ಇಸವಿ, ಒಂದು ಯಂತ್ರ. ಹೊಂದಿಸಿ ಬರೆಯಿರಿ. ಮಕ್ಕಳು ಸರಿಯಾಗಿಯೇ ಹೊಂದಿಸುತ್ತಾರೆ, ಅಂಕವೂ ಬರುತ್ತದೆ. ಆದರೆ ಆ ಯಂತ್ರ ಯಾಕೆ ಬೇಕಾಯಿತು, ಅದೂ ಆಗಲೇ ಯಾಕೆ ಬಂತು ಅಂತ ಕೇಳಿದರೆ ಎಲ್ಲರೂ ಕಿಟಕಿ ಹೊರಗೆ ನೋಡುತ್ತಾರೆ. ಆ ಹುಡುಗನ ಮಾಡೆಲ್‌ನಲ್ಲಿ ಇನ್ನೊಂದು ತಮಾಷೆ ಇತ್ತು. ಇಡೀ ಕ್ರಾಂತಿ ಶುರುವಾಗಿದ್ದೇ ಹತ್ತಿಯಿಂದ, ಅವನು ಮಾತ್ರ ಹತ್ತಿಯನ್ನು ಹೊಗೆ ಮಾಡಿ ಹೊರಗೆ ಅಂಟಿಸಿದ್ದ. ಅಷ್ಟೇ ಅಲ್ಲ, 1760ರಲ್ಲಿ ಇಂಗ್ಲೆಂಡಿನ ಯಾವ ಹತ್ತಿ ಗಿರಣಿಯಲ್ಲೂ ಹೊಗೆ ಉಗುಳುವ ಉಗಿ ಯಂತ್ರ ಇರಲಿಲ್ಲ. ಅದಕ್ಕೆ ಇನ್ನೂ 25 ವರ್ಷ ಬಾಕಿ ಇತ್ತು.

ಮುಂದಿನ ವರ್ಷದಿಂದ ನಿಯಮ ಬದಲಾಯಿಸಿದೆ. ಥರ್ಮಾಕೋಲ್ ಬಂದ್. ಅಂಗಡಿಯಿಂದ ತಂದ ರೆಡಿಮೇಡ್ ಮಾಡೆಲ್ ಬಂದ್. ರಟ್ಟು, ಸೈಕಲ್ ಕಡ್ಡಿ, ಬಾಟಲಿ ಮುಚ್ಚಳ, ದಾರದ ಉಂಡೆ, ಹತ್ತಿ, ಡಬ್ಬಿ – ಮನೆಯಲ್ಲಿ ಏನಿದೆಯೋ ಅದು. ನಾಲ್ಕೈದು ಮಕ್ಕಳಿಗೆ ಒಂದು ಬೆಂಚು. ಪ್ರತಿ ಬೆಂಚಿನ ಮುಂದೆ ಒಂದು ಚೀಟಿ, ಅದರಲ್ಲಿ ಮೂರೇ ಸಾಲು: ಇದಕ್ಕೂ ಮುಂಚೆ ಎಲ್ಲಿ ಸಿಕ್ಕಿಬಿದ್ದಿದ್ದರು? ಇದು ಆ ಗಂಟನ್ನು ಹೇಗೆ ಬಿಡಿಸಿತು? ಬಿಡಿಸಿದ ಮೇಲೆ ಯಾವ ಹೊಸ ಗಂಟು ಬಿತ್ತು? ಮೂರನೇ ಸಾಲಿನ ಉತ್ತರ ಪಕ್ಕದ ಬೆಂಚಿನ ಮೊದಲನೇ ಸಾಲಾಗಬೇಕು. ಅಷ್ಟಾದರೆ ಪ್ರದರ್ಶನ ತಾನಾಗಿಯೇ ಒಂದು ಸರಪಳಿ ಆಗುತ್ತದೆ. ಕೈಗಾರಿಕಾ ಕ್ರಾಂತಿ ನಡೆದದ್ದೂ ಹಾಗೇ ಅಲ್ವಾ? ಒಂದು ಕಡೆ ಬೇಗ ಆಯಿತು ಅಂದರೆ ಇನ್ನೊಂದು ಕಡೆ ಸಾಲದೆ ಹೋಯಿತು.

ಮೊದಲ ಬೆಂಚಿನಲ್ಲಿ ಯಂತ್ರವೇ ಇರುವುದಿಲ್ಲ. ಒಂದು ಭೂತಗನ್ನಡಿ, ಒಂದು ಸ್ಕೇಲು, ಒಂದು ತಕಲಿ (ಕೈಯಲ್ಲಿ ತಿರುಗಿಸಿ ನೂಲುವ ಕಡ್ಡಿ). ಮಕ್ಕಳು ತಮ್ಮ ಯೂನಿಫಾರ್ಮಿನ ಮೇಲೆ ಭೂತಗನ್ನಡಿ ಹಿಡಿದು ಒಂದು ಸೆಂಟಿಮೀಟರಿನಲ್ಲಿ ಎಷ್ಟು ಎಳೆ ಇದೆ ಅಂತ ಎಣಿಸಬೇಕು. ಮೂರು ಸಲ ತಪ್ಪುತ್ತದೆ, ನಾಲ್ಕನೇ ಸಲ ಸುಮಾರು 20 ಅಂತ ಬರುತ್ತದೆ. ಸರಿ, ಈಗ ಲೆಕ್ಕ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಟ್ಟೆಯಲ್ಲಿ ಹಾಸು (ಉದ್ದಕ್ಕೆ ಹಾಯುವ ನೂಲು) 2,000 ಎಳೆ, ಒಂದೊಂದೂ ಒಂದು ಮೀಟರ್. ಹೊಕ್ಕು (ಅಡ್ಡಕ್ಕೆ ಹಾಯುವ ನೂಲು) ಇನ್ನೂ 2,000. ಒಟ್ಟು 4,000 ಮೀಟರ್ ನೂಲು, ಅಂದರೆ 4 ಕಿಲೋಮೀಟರ್. ಒಂದು ಮೀಟರ್ ಬಟ್ಟೆಗೆ!

ಆಮೇಲೆ ತಕಲಿ. ನಮ್ಮ ಕಾಲದಲ್ಲಿ ಗಾಂಧಿ ಜಯಂತಿಗೆ ತಕಲಿ ತಿರುಗಿಸಿ ಗೊತ್ತಿದ್ದವರು ಇರುತ್ತಿದ್ದರು, ಈಗಿನ ಮಕ್ಕಳಿಗೆ ಅದು ಬುಗುರಿಯ ತಮ್ಮ. ಮೊದಲ ದಿನ ಹಂಜಿ (ನೂಲೋಕೆ ಸುತ್ತಿಟ್ಟ ಹತ್ತಿಯ ಬತ್ತಿ) ಹರಿಯುತ್ತದೆ, ನೂಲು ಒಂದು ಕಡೆ ಹಗ್ಗ, ಒಂದು ಕಡೆ ಜೇಡರ ಬಲೆ. ಎರಡು ಮೂರು ದಿನ ಕೈ ಪಳಗಿದ ಮೇಲೆ ಒಬ್ಬ ಹುಡುಗಿ ಹತ್ತು ನಿಮಿಷಕ್ಕೆ 4 ಮೀಟರ್ ತೆಗೆದಳು. ಆ ಲೆಕ್ಕದಲ್ಲಿ 4,000 ಮೀಟರಿಗೆ 10,000 ನಿಮಿಷ. ದಿನಕ್ಕೆ ಎಂಟು ಗಂಟೆ ಕೂತರೆ ಹೆಚ್ಚುಕಡಿಮೆ ಮೂರು ವಾರ. ರಾಟಿಯಲ್ಲಿ ನೂತವರು ಇದಕ್ಕಿಂತ ಎಷ್ಟೋ ಬೇಗ ತೆಗೆಯುತ್ತಾರೆ ಅನ್ನಿ. ಆದರೂ ನೇಯುವುದಕ್ಕಿಂತ ನೂಲುವುದೇ ಜಾಸ್ತಿ ಹೊತ್ತು ತಿನ್ನುವ ಕೆಲಸ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬ ನೇಕಾರನ ಮಗ್ಗ ನಿಲ್ಲದೆ ನಡೆಯಬೇಕಾದರೆ ನಾಲ್ಕಾರು ಜನ ಹೆಂಗಸರು ಮಕ್ಕಳು ನೂಲುತ್ತಲೇ ಇರಬೇಕಿತ್ತು. ಈ ಒಂದು ಅಂಶ ಕೈಗೆ ಹತ್ತಿದರೆ ಮುಂದಿನದೆಲ್ಲ ಅರ್ಧ ಅರ್ಥವಾದ ಹಾಗೆ.

ಇಲ್ಲಿ ಒಂದು ಅಡ್ಡ ಮಾತು, ಯಾಕೆಂದರೆ ನಮ್ಮ ಪಾಠದಲ್ಲಿ ಇದು ಸಾಮಾನ್ಯವಾಗಿ ಕೈಬಿಟ್ಟುಹೋಗುತ್ತದೆ. ಇಂಗ್ಲೆಂಡಿನವರಿಗೆ ಹತ್ತಿಯ ಹುಚ್ಚು ಹಿಡಿಸಿದ್ದೇ ನಮ್ಮ ಕಡೆಯ ಬಟ್ಟೆ. ಅವರು ಉಡುತ್ತಿದ್ದದ್ದು ಉಣ್ಣೆ, ನಾರು. ಈಸ್ಟ್ ಇಂಡಿಯಾ ಕಂಪನಿ ಹಡಗಿನಲ್ಲಿ ತಂದ ಬಣ್ಣಬಣ್ಣದ ಚೀಟಿ ಬಟ್ಟೆ (ಅಚ್ಚು ಹಾಕಿದ ಹತ್ತಿ ಬಟ್ಟೆ) ತೆಳುವಾಗಿತ್ತು, ಒಗೆದರೆ ಬಣ್ಣ ಹೋಗುತ್ತಿರಲಿಲ್ಲ. ಇಂಥ ಹತ್ತಿ ಬಟ್ಟೆಗೆ ಅವರು ಹೇಳುವ ಕ್ಯಾಲಿಕೋ ಅನ್ನುವ ಹೆಸರು ಬಂದದ್ದು ಕೇರಳದ ಕೋಳಿಕ್ಕೋಡಿನಿಂದ (ಕ್ಯಾಲಿಕಟ್). ಇಂಗ್ಲೆಂಡಿನ ಉಣ್ಣೆ, ರೇಷ್ಮೆ ನೇಕಾರರು ಗಲಾಟೆ ಎಬ್ಬಿಸಿದರು, 1700ರಲ್ಲಿ ಒಂದು ಕಾಯಿದೆ, 1721ರಲ್ಲಿ ಇನ್ನೊಂದು ಕಾಯಿದೆ ಬಂತು. ಹೊರಗಿನ ಬಣ್ಣದ ಹತ್ತಿ ಬಟ್ಟೆ ಉಡುವುದೇ ತಪ್ಪು. ಆದರೆ ಜನರಿಗೆ ರುಚಿ ಹತ್ತಿಬಿಟ್ಟಿತ್ತು. ಇದೇ ಬಟ್ಟೆಯನ್ನು ಇಲ್ಲೇ ಮಾಡಿದರೆ ಎಷ್ಟು ದುಡ್ಡು ಅಂತ ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯವರು ಲೆಕ್ಕ ಹಾಕಿದರು. ತೊಂದರೆ ಏನೆಂದರೆ ಅವರ ಕೈಯಲ್ಲಿ ನೂತ ಹತ್ತಿ ನೂಲು ಹಾಸಿನ ಎಳೆಯಾಗಿ ತಡೆಯುತ್ತಿರಲಿಲ್ಲ, ಮಗ್ಗದ ಎಳೆತಕ್ಕೆ ತುಂಡಾಗುತ್ತಿತ್ತು. ಅದಕ್ಕೇ ಹಾಸಿನಲ್ಲಿ ನಾರಿನ ದಾರ, ಹೊಕ್ಕಿನಲ್ಲಿ ಹತ್ತಿ ಅಂತ ಬೆರೆಸಿ ನೇಯುತ್ತಿದ್ದರು. ನಮ್ಮ ನೂಲುವವರ ಬೆರಳಿಗೆ ಬರುತ್ತಿದ್ದ ಕೆಲಸವನ್ನು ಯಂತ್ರದಿಂದ ಮಾಡಿಸಬೇಕು ಅನ್ನುವ ಹಟ ಹಾಗೆ ಶುರುವಾಯಿತು ಅಂದರೆ ತಪ್ಪಿಲ್ಲ.

ಎರಡನೇ ಬೆಂಚು ಲಾಳಿಯದು, ಅಂದರೆ ಹಾಸಿನ ನಡುವೆ ಹೊಕ್ಕಿನ ನೂಲು ಹೊತ್ತು ದಾಟುವ ಸಣ್ಣ ದೋಣಿಯದು. ಮೊದಲೆಲ್ಲ ನೇಕಾರ ಈ ಕೈಯಿಂದ ಆ ಕೈಗೆ ಲಾಳಿ ದಾಟಿಸಬೇಕಿತ್ತು, ಹಾಗಾಗಿ ಬಟ್ಟೆಯ ಅಗಲ ಅವನ ತೋಳು ಚಾಚುವಷ್ಟೇ. ಅಗಲದ ಬಟ್ಟೆಗೆ ಇಬ್ಬರು ಬೇಕು. 1733ರಲ್ಲಿ ಜಾನ್ ಕೇ ಒಂದು ಹಗ್ಗ ಎಳೆದರೆ ಲಾಳಿ ತಾನೇ ಈ ತುದಿಯಿಂದ ಆ ತುದಿಗೆ ಓಡುವ ಹಾಗೆ ಮಾಡಿದ. ಮಕ್ಕಳು ಇದನ್ನು ಒಂದು ರಟ್ಟಿನ ದೋಣಿ, ಎರಡು ಬೆಂಕಿಪೊಟ್ಟಣ, ಒಂದು ದಾರದಲ್ಲಿ ಮಾಡಿ ತೋರಿಸುತ್ತಾರೆ, ಚೆನ್ನಾಗಿಯೇ ಓಡುತ್ತದೆ. ಚೀಟಿಯ ಮೂರನೇ ಸಾಲು: ನೇಯ್ಗೆ ಬೇಗ ಆಯಿತು, ನೂಲು ಸಾಲದೆ ಬಂತು.

ಮೂರನೇ ಬೆಂಚು ಜೆನ್ನಿ, ಅಂದರೆ ನೂಲುವ ಯಂತ್ರ. ಲ್ಯಾಂಕಶೈರಿನ ಜೇಮ್ಸ್ ಹಾರ್‌ಗ್ರೀವ್ಸ್ ಅನ್ನುವ ನೇಕಾರ 1764ರ ಸುಮಾರಿಗೆ ಮಾಡಿದ್ದು. ಒಂದು ಚಕ್ರ ತಿರುಗಿಸಿದರೆ ಎಂಟು ಕದಿರು (ನೂಲಿಗೆ ಹುರಿ ಹಾಕುವ ಕಡ್ಡಿ) ಒಟ್ಟಿಗೆ ತಿರುಗುತ್ತವೆ. ಮಕ್ಕಳು ರಟ್ಟಿಗೆ ಎಂಟು ಸೈಕಲ್ ಕಡ್ಡಿ ಚುಚ್ಚಿ, ಒಂದೇ ದಾರ ಸುತ್ತಿ ತಿರುಗಿಸೋಕೆ ನೋಡಿದರು. ಮೂರು ತಿರುಗಿದವು, ಐದು ಜಾರಿದವು. ಪರವಾಗಿಲ್ಲ. ನನಗೆ ಇಷ್ಟವಾದದ್ದು ಯಂತ್ರ ಅಲ್ಲ, ಅದರ ಹಿಂದೆ ಒಬ್ಬ ಹುಡುಗಿ ಯಾರೂ ಹೇಳದೆ ಇಟ್ಟಿದ್ದ ಕುರ್ಚಿಗಳು. ಎಂಟು ಕುರ್ಚಿ ಸಾಲಾಗಿ. ಒಂದರಲ್ಲಿ ಅವಳು ಕೂತಿದ್ದಳು, ಏಳು ಖಾಲಿ. ಏನಿದು ಅಂದರೆ, "ಎಂಟ ಮಂದಿ ಕೆಲಸ ನಾ ಒಬ್ಬಾಕಿನ ಮಾಡಾಕತ್ತೇನಿ, ಅವರೆಲ್ಲಾ ಎಲ್ಲಿ ಹೋದ್ರಂತ ಯಾರರ ಕೇಳಲಿ ಅಂತ ಇಟ್ಟೇನ್ರಿ" ಅಂದಳು.

ಆ ಪ್ರಶ್ನೆಯನ್ನು ಆಗಿನವರೂ ಕೇಳಿದ್ದರು, ಸ್ವಲ್ಪ ಜೋರಾಗಿಯೇ. 1768ರಲ್ಲಿ ಜನ ನುಗ್ಗಿ ಹಾರ್‌ಗ್ರೀವ್ಸನ ಯಂತ್ರಗಳನ್ನು ಪುಡಿ ಮಾಡಿದರು, ಅವನು ಊರು ಬಿಟ್ಟು ನಾಟಿಂಗ್‌ಹ್ಯಾಮಿಗೆ ಹೋದ. 1811ರಿಂದ ಮುಂದೆ ಲಡ್ಡೈಟರು ಅಂತ ಹೆಸರಾದವರು ಅದೇ ನಾಟಿಂಗ್‌ಹ್ಯಾಮಿನ ಸುತ್ತ ಹೆಣಿಗೆ ಯಂತ್ರಗಳನ್ನು ಒಡೆದರು, 1812ರಲ್ಲಿ ಸರ್ಕಾರ ಯಂತ್ರ ಒಡೆದವರಿಗೆ ಮರಣದಂಡನೆ ಅಂತ ಕಾಯಿದೆ ಮಾಡಿತು. ಇವರನ್ನು 'ಪ್ರಗತಿ ವಿರೋಧಿಗಳು' ಅಂತ ಒಂದೇ ಪದದಲ್ಲಿ ಮುಗಿಸುವುದು ಸುಲಭ. ಏಳು ಖಾಲಿ ಕುರ್ಚಿ ಎದುರಿಗಿದ್ದಾಗ ಅಷ್ಟು ಸುಲಭ ಅಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಬೆಂಚಿಗೆ ಬರುತ್ತೇನೆ. ಜೆನ್ನಿಯ ನೂಲು ಮೆತ್ತಗೆ, ಹೊಕ್ಕಿನ ಎಳೆಗೆ ಸರಿ, ಹಾಸಿನ ಎಳೆಗೆ ಸಾಲದು. ಆ ಗಂಟು ಬಿಡಿಸಿದ್ದು 1769ರಲ್ಲಿ ಪೇಟೆಂಟ್ ಪಡೆದ ರಿಚರ್ಡ್ ಆರ್ಕ್‌ರೈಟನ ವಾಟರ್ ಫ್ರೇಮ್, ನೀರಿನ ಬಲದಿಂದ ನಡೆಯುವ ನೂಲುವ ಯಂತ್ರ. ಆರ್ಕ್‌ರೈಟ್ ಮೊದಲು ಕ್ಷೌರಿಕ, ವಿಗ್ ಮಾಡುತ್ತಿದ್ದವನು. ಯಂತ್ರ ಕಟ್ಟೋಕೆ ಅವನಿಗೆ ಕೈ ಕೊಟ್ಟವನು ಒಬ್ಬ ಗಡಿಯಾರ ರಿಪೇರಿಯವನು, ಅವನ ಹೆಸರೂ ಜಾನ್ ಕೇ. (ಲಾಳಿಯ ಜಾನ್ ಕೇ ಬೇರೆ. ಪರೀಕ್ಷೆಯಲ್ಲಿ ಇದನ್ನು ಕೇಳುವಷ್ಟು ಕೆಟ್ಟವನಲ್ಲ ನಾನು.) ಇದರ ಜೀವ ಇರುವುದು ಜೋಡಿ ರೋಲರುಗಳಲ್ಲಿ. ಕಬ್ಬಿನ ಗಾಣದ ಹಾಗೆ ಎರಡು ರೋಲರ್ ಒಂದರ ಮೇಲೊಂದು, ಹಂಜಿ ಮಧ್ಯೆ ಹೋಗುತ್ತದೆ. ಅದರ ಮುಂದೆ ಇನ್ನೊಂದು ಜೋಡಿ, ಅದು ಮೊದಲನೆಯದಕ್ಕಿಂತ ಜೋರಾಗಿ ತಿರುಗುತ್ತದೆ. ಹಿಂದಿನ ಜೋಡಿ ನಿಧಾನವಾಗಿ ಬಿಡುತ್ತದೆ, ಮುಂದಿನದು ಬೇಗ ಎಳೆಯುತ್ತದೆ, ಹಂಜಿ ಸಣ್ಣಗಾಗುತ್ತದೆ. ಕೊನೆಗೆ ಕದಿರು ಹುರಿ ಹಾಕುತ್ತದೆ. ನೂಲುವಾಗ ಎಡಗೈ ಬಲಗೈ ಮಾಡುವ ಕೆಲಸ ಇಷ್ಟೇ ತಾನೇ.

ಬರೆಯೋಕೆ ನಾಲ್ಕು ಸಾಲು. ಮಾಡೋಕೆ ನಮ್ಮ ಹುಡುಗನಿಗೆ ಹತ್ತು ದಿನ ಹಿಡಿಯಿತು. ಇವನು ತುಂಬ ಮಾತಾಡದ ಹುಡುಗ, ಲಿಖಿತ ಪರೀಕ್ಷೆಯಲ್ಲಿ ಯಾವಾಗಲೂ ಅಷ್ಟಕ್ಕಷ್ಟೇ. ಖಾಲಿ ಪೆನ್ನಿನ ಕೊಳವೆಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ರೋಲರ್ ಮಾಡಿದ. ದೊಡ್ಡ ಮುಚ್ಚಳ, ಸಣ್ಣ ಮುಚ್ಚಳ ಹಾಕಿ ವೇಗ ಬೇರೆ ಬೇರೆ ಬರಿಸಿದ. ಹಂಜಿ ಹಾಕಿದ, ತಿರುಗಿಸಿದ, ಹಂಜಿ ನಡುವೆ ಎರಡು ತುಂಡಾಯಿತು. ಇನ್ನೊಂದು ಹಾಕಿದ. ತುಂಡು. ವೇಗ ಕಡಿಮೆ ಮಾಡಿದ, ಮತ್ತೆ ತುಂಡು. "ಸರ್, ಹತ್ತಿ ಚಲೋ ಇಲ್ರಿ" ಅಂದ. ಒಂದೇ ಒಂದು ಎಳೆ ಕಿತ್ತು ಕಪ್ಪು ಕಾಗದದ ಮೇಲೆ ಇಟ್ಟು ಅಳೆ ಅಂದೆ. ಉಸಿರು ಬಿಟ್ಟರೆ ಹಾರಿಹೋಗುತ್ತದೆ, ಬಾಯಿ ಮುಚ್ಚಿಕೊಂಡು ಅಳೆದ. ಎರಡೂವರೆ ಸೆಂಟಿಮೀಟರ್ ಚಿಲ್ಲರೆ. ಅವನ ಎರಡು ಜೋಡಿ ರೋಲರುಗಳ ನಡುವೆ ಆರು ಸೆಂಟಿಮೀಟರ್ ಅಂತರ ಇತ್ತು.

ಅಲ್ಲೇ ಇತ್ತು ವಿಷಯ. ಹಿಂದಿನ ರೋಲರ್ ಬಿಟ್ಟ ಎಳೆಯನ್ನು ಮುಂದಿನ ರೋಲರ್ ಹಿಡಿಯುವ ಮೊದಲೇ ಅದು ನಡುವೆ ದಿಕ್ಕಿಲ್ಲದೆ ನಿಂತರೆ ಹಂಜಿ ಹರಿಯುತ್ತದೆ. ಅಂತರ ಎಳೆಯ ಉದ್ದಕ್ಕಿಂತ ಕಡಿಮೆಯಾದರೆ ಎರಡೂ ಕಡೆ ಕಚ್ಚಿಕೊಂಡು ಎಳೆಯೇ ತುಂಡಾಗುತ್ತದೆ. ಎಳೆಯ ಉದ್ದಕ್ಕಿಂತ ಒಂಚೂರು ಜಾಸ್ತಿ ಇರಬೇಕು, ಅಷ್ಟೇ. ರೋಲರ್‌ನಿಂದ ನೂಲುವ ಯೋಚನೆ ಆರ್ಕ್‌ರೈಟನಿಗಿಂತ ಮೊದಲೇ ಇಂಗ್ಲೆಂಡಿನಲ್ಲಿ ಬೇರೆಯವರಿಗೆ ಬಂದಿತ್ತು, ಪೇಟೆಂಟೂ ಆಗಿತ್ತು. ಲಾಭ ಬರುವ ಹಾಗೆ ನಡೆಸಿ ತೋರಿಸಿದ್ದು ಆರ್ಕ್‌ರೈಟ್, ಇಂಥ ಸಣ್ಣ ಸಣ್ಣ ಅಳತೆಗಳು ಸರಿಯಾಗಿ ಕೂತಿದ್ದರಿಂದ. ಎಳೆಯ ಉದ್ದ ಅನ್ನುವ ಈ ಮಾತನ್ನು ನೆನಪಿಟ್ಟುಕೊಳ್ಳಿ, ಅದು ಸುತ್ತಿ ಸುತ್ತಿ ನಮ್ಮ ಹೊಲಕ್ಕೇ ಬರುತ್ತದೆ.

ವಾಟರ್ ಫ್ರೇಮಿನ ಮೂರನೇ ಸಾಲು ಏನು? ನೂಲು ಗಟ್ಟಿ ಬಂತು, ಆದರೆ ಯಂತ್ರ ಕೈಯಲ್ಲಿ ತಿರುಗಿಸುವಂಥದ್ದಲ್ಲ. ಮನೆಯಲ್ಲಿ ಇಡೋಕೆ ಆಗುವುದಿಲ್ಲ, ನೀರು ಬೀಳುವ ಕಡೆಗೇ ಹೋಗಬೇಕು. ಆರ್ಕ್‌ರೈಟ್ 1771ರಲ್ಲಿ ಡರ್ಬಿಶೈರಿನ ಕ್ರಾಂಫರ್ಡ್ ಅನ್ನುವ ಹಳ್ಳಿ ಆರಿಸಿಕೊಂಡ. ಅಲ್ಲೊಂದು ಹಳ್ಳ, ಜೊತೆಗೆ ಸೀಸದ ಗಣಿಯಿಂದ ಹೊರಬರುವ ನೀರು. ಗಣಿಯ ನೀರು ಸ್ವಲ್ಪ ಬೆಚ್ಚಗಿದ್ದುದರಿಂದ ಚಳಿಗಾಲದಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ. ಜಾಗ ಸಿಕ್ಕಿತು, ಜನ ಇಲ್ಲ. ಹಾಗಾಗಿ ಮನೆ ಕಟ್ಟಿಸಿದ, ಮಕ್ಕಳು ಜಾಸ್ತಿ ಇರುವ ಕುಟುಂಬಗಳನ್ನು ಕರೆಸಿದ. ಹನ್ನೆರಡು ಹನ್ನೆರಡು ಗಂಟೆಯ ಎರಡು ಪಾಳಿ. ಇಷ್ಟು ದಿನ ಹತ್ತಿ ಮನೆಗೆ ಬರುತ್ತಿತ್ತು, ಈಗ ಮನೆಯವರು ಹತ್ತಿ ಇದ್ದಲ್ಲಿಗೆ ಹೋದರು. ಕಾರ್ಖಾನೆ ಅಂದರೆ ನನ್ನ ಮಟ್ಟಿಗೆ ಇದೇ. ಚಿಮಣಿ ಅಲ್ಲ, ಗೇಟು ಮತ್ತು ಗಂಟೆ.

ಮುಂದೆ 1779ರಲ್ಲಿ ಬೋಲ್ಟನ್ನಿನ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಜೆನ್ನಿಯನ್ನೂ ರೋಲರನ್ನೂ ಕೂಡಿಸಿ ಮ್ಯೂಲ್ ಮಾಡಿದ. ಎರಡು ಜಾತಿ ಕೂಡಿದ್ದಕ್ಕೆ ಹೇಸರಗತ್ತೆಯ ಹೆಸರು. ಮೊದಮೊದಲು ಅದನ್ನು ಮಸ್ಲಿನ್ ಚಕ್ರ ಅಂತಲೂ ಕರೆಯುತ್ತಿದ್ದರು, ಭಾರತದ ಮಸ್ಲಿನ್ನಿನಷ್ಟು ನವಿರಾದ ಬಟ್ಟೆಗೆ ನೂಲು ಕೊಡುತ್ತದೆ ಅಂತ. ಈಗ ನೂಲು ರಾಶಿ ಬಿತ್ತು, ನೇಯುವವರು ಸಾಲದೆ ಬಂದರು. ಕೆಲವು ವರ್ಷ ಕೈಮಗ್ಗದವರಿಗೆ ಸುಗ್ಗಿ. 1785ರಲ್ಲಿ ಕಾರ್ಟ್‌ರೈಟ್ ಅನ್ನುವ ಪಾದ್ರಿ ಯಂತ್ರಮಗ್ಗ ತಂದ, ಮೊದಲು ಅದು ಸರಿಯಾಗಿ ನಡೆಯಲೂ ಇಲ್ಲ. ಸುಧಾರಿಸಿ ಊರೂರಿಗೆ ಬರೋಕೆ 1820ರ ದಶಕ ಆಯಿತು. ಬಂದ ಮೇಲೆ ಆ ಸುಗ್ಗಿಯೆಲ್ಲ ಬರಗಾಲ ಆಯಿತು.

ಈಗ ಉಗಿ. ಉಗಿ ಯಂತ್ರ ಅಂದರೆ ಉಗಿ ಪಿಸ್ಟನ್ನನ್ನು ತಳ್ಳುತ್ತದೆ ಅಂತ ಎಲ್ಲ ಮಕ್ಕಳೂ ಹೇಳುತ್ತಾರೆ, ಕುಕ್ಕರ್ ನೋಡಿದ್ದಾರಲ್ಲ. ಆದರೆ 1712ರಲ್ಲಿ ನ್ಯೂಕಮೆನ್ ಅನ್ನುವವನು ಕಟ್ಟಿದ ಯಂತ್ರದಲ್ಲಿ ಕೆಲಸ ಮಾಡಿದ್ದು ಉಗಿ ಅಲ್ಲ, ಗಾಳಿ. ಇದನ್ನು ತೋರಿಸೋಕೆ ಒಂದು ಖಾಲಿ ತಂಪು ಪಾನೀಯದ ಡಬ್ಬಿ ಸಾಕು. ಒಳಗೆ ಎರಡು ಚಮಚ ನೀರು ಹಾಕಿ ಒಲೆಯ ಮೇಲಿಡಿ. ನೀರು ಕುದಿದು ಬಾಯಲ್ಲಿ ಹಬೆ ಚೆನ್ನಾಗಿ ಬರಬೇಕು. ಇಕ್ಕಳದಲ್ಲಿ ಹಿಡಿದು ತಟ್ಟನೆ ತಣ್ಣೀರಿನ ಬೋಗುಣಿಗೆ ಬೋರಲು ಹಾಕಿ. ಫಟ್ ಅಂತ ನೆಗ್ಗಿ ಹೋಗುತ್ತದೆ. (ಇದನ್ನು ಮೇಷ್ಟ್ರೇ ಮಾಡಬೇಕು, ಮಕ್ಕಳ ಕೈಗೆ ಕೊಡಬಾರದು.) ಉಗಿ ಡಬ್ಬಿಯೊಳಗಿನ ಗಾಳಿಯನ್ನು ಹೊರಗೆ ಹಾಕಿತ್ತು, ತಣ್ಣಗಾಗಿ ತಾನೂ ನೀರಾಯಿತು, ಒಳಗೆ ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ. ಹೊರಗಿನ ಗಾಳಿ ಡಬ್ಬಿಯನ್ನು ಹಿಂಡಿ ಹಾಕಿತು. ಡಬ್ಬಿಯ ಬದಲು ಸಿಲಿಂಡರ್ ಇದ್ದು, ಅದಕ್ಕೊಂದು ಪಿಸ್ಟನ್ ಇದ್ದರೆ, ಗಾಳಿ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತದೆ. ಅದಕ್ಕೆ ಕಟ್ಟಿದ ತೊಲೆಯ ಇನ್ನೊಂದು ತುದಿ ಗಣಿಯಿಂದ ನೀರು ಎತ್ತುತ್ತದೆ. ನಮ್ಮ ಏತದ ಥರವೇ ತೂಗುತ್ತದೆ. ಆಗ ಉಗಿ ಯಂತ್ರಕ್ಕಿದ್ದ ಕೆಲಸ ಅದೊಂದೇ, ಗಣಿಯ ನೀರು ಎತ್ತುವುದು.

ಜೇಮ್ಸ್ ವ್ಯಾಟನ ಕತೆಯಲ್ಲಿ ಕೆಟಲಿನ ಮುಚ್ಚಳ ಕುಣಿಯುವುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಸೊಗಸಾದ ನಿಜ ಸಂಗತಿ ಬೇರೆಯೇ ಇದೆ, ನಮ್ಮಂಥ ಮೇಷ್ಟ್ರುಗಳಿಗಂತೂ ಹೇಳಿ ಮಾಡಿಸಿದ ಹಾಗಿದೆ. ವ್ಯಾಟ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ. 1763ರ ಚಳಿಗಾಲದಲ್ಲಿ ಅವನ ಮೇಜಿಗೆ ಒಂದು ವಸ್ತು ಬಂತು: ಕ್ಲಾಸಿನಲ್ಲಿ ಪಾಠ ಮಾಡೋಕೆ ಇಟ್ಟುಕೊಂಡಿದ್ದ ನ್ಯೂಕಮೆನ್ ಯಂತ್ರದ ಮಾಡೆಲ್. ಹೌದು, ಕ್ಲಾಸ್‌ರೂಮ್ ಮಾಡೆಲ್! ಕೆಟ್ಟುಹೋಗಿತ್ತು. ವ್ಯಾಟ್ ಸರಿ ಮಾಡಿದ, ಆದರೂ ಅದು ನಾಲ್ಕು ಏಟು ಹೊಡೆದು ನಿಂತುಬಿಡುತ್ತಿತ್ತು. ಭಾಗಗಳೆಲ್ಲ ಸರಿ ಇವೆ, ಆದರೂ ನಡೆಯುವುದಿಲ್ಲ. ಯಾಕೆ?

ನಮ್ಮ ಮಕ್ಕಳು ಇದಕ್ಕೆ ಎರಡು ಚೌಕದ ಪೆಟ್ಟಿಗೆ ಇಟ್ಟಿದ್ದರು, ಒಂದು 10 ಸೆಂಟಿಮೀಟರಿನದು, ಇನ್ನೊಂದು 20ರದು. ಬದಿ ಎರಡು ಪಟ್ಟಾದರೆ ಮೈಯ ವಿಸ್ತೀರ್ಣ ನಾಲ್ಕು ಪಟ್ಟು, ಒಳಗಿನ ಜಾಗ ಎಂಟು ಪಟ್ಟು. ತಿರುಗಿಸಿ ಹೇಳಿದರೆ, ಸಣ್ಣ ಮಾಡೆಲಿಗೆ ಹೊಟ್ಟೆ ಚಿಕ್ಕದು, ಅದಕ್ಕೆ ಹೋಲಿಸಿದರೆ ಮೈ ದೊಡ್ಡದು. ಉಗಿ ತಣಿಸೋಕೆ ಪ್ರತಿ ಸಲ ಒಳಗೆ ತಣ್ಣೀರು ಚಿಮುಕಿಸಿದಾಗ ಸಿಲಿಂಡರಿನ ಗೋಡೆ ತಣ್ಣಗಾಗುತ್ತದೆ, ಮುಂದಿನ ಸಲದ ಉಗಿಯಲ್ಲಿ ಬಹುಪಾಲು ಆ ಗೋಡೆ ಕಾಯಿಸೋಕೇ ಖರ್ಚು. ದೊಡ್ಡ ಯಂತ್ರದಲ್ಲೂ ಇದೇ ಆಗುತ್ತಿತ್ತು, ಆದರೆ ಎದ್ದು ಕಾಣುತ್ತಿರಲಿಲ್ಲ. ಮಾಡೆಲ್ ಸಣ್ಣದಾದ್ದರಿಂದ ರೋಗ ಹೊರಗೆ ಬಿತ್ತು. ಕಾದ ಕಾವಲಿಗೆ ಒಂದೊಂದು ದೋಸೆ ಆದ ಮೇಲೂ ಒಂದು ಚೊಂಬು ನೀರು ಸುರಿದು ಮತ್ತೆ ಕಾಯಿಸಿದರೆ ಗ್ಯಾಸ್ ಎಷ್ಟು ದಿನ ಬಂದೀತು? 1765ರ ಒಂದು ಭಾನುವಾರ ಗ್ಲಾಸ್ಗೋದ ಹುಲ್ಲುಗಾವಲಿನಲ್ಲಿ ಅಡ್ಡಾಡುವಾಗ ವ್ಯಾಟನಿಗೆ ಹೊಳೆಯಿತು: ಉಗಿಯನ್ನು ಬೇರೊಂದು ಪಾತ್ರೆಗೆ ಎಳೆದು ಅಲ್ಲಿ ತಣಿಸಿದರಾಯಿತು, ಸಿಲಿಂಡರ್ ಬಿಸಿಯಾಗೇ ಇರಲಿ. ಆ ಮಾಡೆಲ್ ಈಗಲೂ ಗ್ಲಾಸ್ಗೋದ ಹಂಟೇರಿಯನ್ ಮ್ಯೂಸಿಯಮ್ಮಿನಲ್ಲಿದೆ.

1769ರಲ್ಲಿ ಪೇಟೆಂಟ್, 1775ರಲ್ಲಿ ಮ್ಯಾಥ್ಯೂ ಬೋಲ್ಟನ್ ಅನ್ನುವ ಉದ್ಯಮಿಯ ಜೊತೆ ಪಾಲುದಾರಿಕೆ. ಹಳೇ ಯಂತ್ರಕ್ಕೆ ಹೋಲಿಸಿ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ನಮಗೆ ಕೊಡಿ ಅಂತ ಗಣಿಯವರಿಗೆ ಹೇಳುತ್ತಿದ್ದರು, ಬಲು ಜಾಣ ವ್ಯಾಪಾರ. ಮೇಲೆ ಕೆಳಗೆ ಆಡುವ ಪಿಸ್ಟನ್ನಿನಿಂದ ಚಕ್ರ ತಿರುಗಿಸುವ ವ್ಯಾಟನ ಉಪಾಯ 1781ರಲ್ಲಿ ಬಂತು. 1785ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಪ್ಯಾಪಲ್‌ವಿಕ್ ಅನ್ನುವಲ್ಲಿ ಮೊದಲ ಬಾರಿಗೆ ಹತ್ತಿ ಗಿರಣಿಗೆ ಉಗಿ ಹತ್ತಿತು. ಹುಡುಗನ ಚಿಮಣಿಗೆ ಹತ್ತಿಯ ಹೊಗೆ ಅಂಟಿಸಬಹುದಾದ ಇಸವಿ ಇದು! ಆಮೇಲೆ ಗಿರಣಿ ಹಳ್ಳ ಹುಡುಕಿಕೊಂಡು ಹೋಗಬೇಕಿರಲಿಲ್ಲ, ಕಲ್ಲಿದ್ದಲು ಬರುವ ಊರಲ್ಲೇ ಕೂರಬಹುದಿತ್ತು. ಮ್ಯಾಂಚೆಸ್ಟರಿನ ಜನಸಂಖ್ಯೆ 1801ರಿಂದ 1851ರೊಳಗೆ ಸುಮಾರು ನಾಲ್ಕು ಪಟ್ಟಾಗಿ ಮೂರು ಲಕ್ಷ ಮುಟ್ಟಿತು. ಕಬ್ಬಿಣ, ಸೇತುವೆ, ರೈಲು ಇವಕ್ಕೂ ಒಂದೊಂದು ಬೆಂಚು ಇರುತ್ತದೆ. 1779ರ ಕಬ್ಬಿಣದ ಸೇತುವೆಯನ್ನು ಐಸ್‌ಕ್ರೀಮ್ ಕಡ್ಡಿಯಲ್ಲಿ ಮಾಡುವವರಿಗೆ ನಾನು ಹೇಳುವುದು ಒಂದೇ: ಅಂಟು ಹಾಕಬೇಡಿ, ಬಡಗಿ ಬಾಗಿಲಿಗೆ ಹಾಕುವಂಥ ಕಚ್ಚು ಹಾಕಿ ಕೂಡಿಸಿ. ಆ ಸೇತುವೆ ಕಟ್ಟಿದ ಕೋಲ್‌ಬ್ರೂಕ್‌ಡೇಲಿನವರೂ ಹಾಗೇ ಮಾಡಿದ್ದರು, ಕಬ್ಬಿಣದಲ್ಲಿ ಅಂಥದ್ದನ್ನು ಕಟ್ಟಿದ ರೂಢಿ ಇರಲಿಲ್ಲ, ಮರದ ಕೆಲಸದ ಬುದ್ಧಿಯನ್ನೇ ಬಳಸಿದರು.

ಗಂಟೆಯ ಬೆಂಚು, ಅಂದರೆ ಗಿರಣಿಯಲ್ಲಿ ದುಡಿದ ಮಕ್ಕಳ ಬೆಂಚು ಮಾತ್ರ ಸುಮ್ನೆ ದಾಟಿ ಹೋಗುವಂಥದ್ದಲ್ಲ. ಮ್ಯೂಲ್ ಯಂತ್ರದ ಒಂದು ಭಾಗ ಗಾಲಿಯ ಮೇಲೆ ಮುಂದೆ ಬಂದು ಹಿಂದೆ ಹೋಗುತ್ತದೆ. ಅದರ ಕೆಳಗೆ ಬಿದ್ದ ಹತ್ತಿಯ ಕಸ ಬಳಿಯೋಕೆ ಸಣ್ಣ ಮಕ್ಕಳನ್ನೇ ಇಡುತ್ತಿದ್ದರು, ಯಂತ್ರ ನಿಲ್ಲಿಸದೆ. ಅದು ಮುಂದೆ ಬಂದಾಗ ಒಳಗೆ ತೂರಬೇಕು, ವಾಪಸ್ ಹೋಗುವುದರೊಳಗೆ ಹೊರಗೆ ಬರಬೇಕು. ನಮ್ಮಲ್ಲಿ ಎರಡು ಬೆಂಚಿನ ನಡುವೆ ಮೊಣಕಾಲೆತ್ತರಕ್ಕೆ ದಾರ ಕಟ್ಟಿ, ಕೆಳಗೆ ಕಾಗದದ ಚೂರು ಚೆಲ್ಲಿ, ಶಿಳ್ಳೆ ಹೊಡೆಯುವುದರೊಳಗೆ ದಾರ ತಾಗದ ಹಾಗೆ ಆರಿಸಿಕೊಂಡು ಬಾ ಅಂತ ಬಿಟ್ಟೆವು. ಮೊದಲ ಐದು ನಿಮಿಷ ಎಲ್ಲರಿಗೂ ಆಟ. ಅರ್ಧ ಗಂಟೆಗೆ ಬೆನ್ನು ನೋವು. ಆಗ ಚೀಟಿ ಓದಿಸಿದೆ: 1833ರ ಕಾಯಿದೆ ಪ್ರಕಾರ ಜವಳಿ ಗಿರಣಿಯಲ್ಲಿ ಒಂಬತ್ತು ವರ್ಷದೊಳಗಿನವರನ್ನು ಇಟ್ಟುಕೊಳ್ಳುವಂತಿಲ್ಲ, ಒಂಬತ್ತರಿಂದ ಹದಿಮೂರರವರೆಗಿನವರಿಗೆ ದಿನಕ್ಕೆ 9 ಗಂಟೆ, ಅದಕ್ಕಿಂತ ದೊಡ್ಡ ಹುಡುಗರಿಗೆ 12 ಗಂಟೆ. ಇದು ಸುಧಾರಣೆ ಆದ ಮೇಲಿನ ಲೆಕ್ಕ. ಇಡೀ ದೇಶಕ್ಕೆ ತಪಾಸಣೆಗೆ ನಾಲ್ಕೇ ಜನ ಇನ್‌ಸ್ಪೆಕ್ಟರುಗಳು. ಕ್ಲಾಸು ಸುಮ್ಮನಾಗಿತ್ತು. ಅವರೆಲ್ಲ ಹದಿನಾಲ್ಕು ವರ್ಷದವರು.

ಕೊನೆಯ ಬೆಂಚಿನಲ್ಲಿ ಬಿಡಿಸದ ಹತ್ತಿ. ಬೀಜ ಕೈಯಲ್ಲಿ ಬಿಡಿಸಿ ನೋಡಿ ಅಂತ ಬಂದವರಿಗೆ ಕೊಡುತ್ತೇವೆ. ಬೀಜಕ್ಕೆ ಎಳೆ ಎಷ್ಟು ಅಂಟಿರುತ್ತದೆ ಅನ್ನುವುದು ಬಿಡಿಸಿದವರಿಗೇ ಗೊತ್ತು. ಇಂಗ್ಲೆಂಡಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಗಿರಣಿಗಳ ಹಸಿವು ಮುಗಿಯುವಂಥದ್ದಲ್ಲ. 1793ರಲ್ಲಿ ಅಮೆರಿಕದಲ್ಲಿ ಈಲೈ ವಿಟ್ನಿ ಬೀಜ ಬಿಡಿಸುವ ಜಿನ್ ಮಾಡಿದ. ಕೆಲಸ ಹಗುರಾಯಿತು, ಗುಲಾಮರಿಗೂ ಸುಖವಾಯಿತು ಅಂದುಕೊಂಡೀರಿ. ಆದದ್ದು ತಿರುವುಮುರುವು. ಬಿಡಿಸುವುದು ಸುಲಭವಾದ್ದರಿಂದ ಬೆಳೆಯುವುದು ಲಾಭ ಆಯಿತು, ಬೆಳೆಯೋಕೆ, ಗಿಡದಿಂದ ಕೀಳೋಕೆ ಇನ್ನಷ್ಟು ಜನ ಬೇಕಾದರು. ಅಲ್ಲಿ 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ 40 ಲಕ್ಷದ ಹತ್ತಿರ ಬಂದರು. ಆ ಹೊತ್ತಿಗೆ ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ್ದೇ.

ಇಲ್ಲಿಂದ ಒಂದು ದಾರ ನೇರ ಧಾರವಾಡಕ್ಕೆ ಬರುತ್ತದೆ. ನಮ್ಮ ಜವಾರಿ ಹತ್ತಿಯ ಎಳೆ ಗಿಡ್ಡ. ಲ್ಯಾಂಕಶೈರಿನ ಯಂತ್ರಗಳು ಅಮೆರಿಕದ ಉದ್ದ ಎಳೆಗೆ ಒಗ್ಗಿದ್ದವು. ರೋಲರ್ ಅಂತರದ ಕತೆ ನೆನಪಿದೆಯಲ್ಲ? ಹಾಗಾಗಿ ಕಂಪನಿ ಸರ್ಕಾರ 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೆಳೆಗಾರರನ್ನೂ ಬೀಜವನ್ನೂ ಭಾರತಕ್ಕೆ ಕರೆಸಿ ಹಲವು ಕಡೆ ಬೆಳೆಸಿ ನೋಡಿತು. ಅದು ಚೆನ್ನಾಗಿ ನೆಲಕ್ಕೆ ಹತ್ತಿದ್ದು ಧಾರವಾಡದ ಎರೆ ಹೊಲದಲ್ಲಿ, ಆ ಹತ್ತಿಗೆ ಧಾರವಾರ್-ಅಮೆರಿಕನ್ ಅಂತಲೇ ಹೆಸರು ಬಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಶೈರಿನಲ್ಲಿ ಗಿರಣಿಗಳು ಮುಚ್ಚಿ ಜನ ಗಂಜಿಗೆ ಸಾಲು ನಿಂತರು, ಇಲ್ಲಿ ಹತ್ತಿಯ ದರ ಮುಗಿಲಿಗೆ ಹೋಯಿತು. 1865ರಲ್ಲಿ ಯುದ್ಧ ಮುಗಿಯಿತು, ದರವೂ ಬಿತ್ತು. ಇದನ್ನು ಹೇಳಿದಾಗ ಒಬ್ಬ ಹುಡುಗ "ಅಂದ್ರ ಈಗಿನಂಗ ಆತಲ್ರಿ ಸರ್" ಅಂದ. ಅವರ ಮನೆಯಲ್ಲಿ ಹೋದ ವರ್ಷದ ಹತ್ತಿ ಇನ್ನೂ ಮಾರದೆ ಕೂತಿತ್ತು. 1887ರಲ್ಲಿ ಗೋಕಾಕ ಜಲಪಾತದ ಪಕ್ಕ ಗಿರಣಿ ಶುರುವಾದದ್ದನ್ನೂ ಇದೇ ಬೆಂಚಿನಲ್ಲಿ ಇಡುತ್ತೇವೆ. ಕ್ರಾಂಫರ್ಡಿನ ಲೆಕ್ಕವೇ ಅದು, ನೀರು ಬೀಳುವಲ್ಲಿಗೆ ಗಿರಣಿ.

ಯಾರಾದರೂ ತಮ್ಮ ಕ್ಲಾಸಿನಲ್ಲಿ ಇದನ್ನು ಮಾಡುವುದಾದರೆ ಒಂದೆರಡು ಮಾತು. ಅಂಕ ಮಾಡೆಲಿಗೆ ಕೊಡಬೇಡಿ, ಕೊಟ್ಟರೆ ಅಪ್ಪ ಅಮ್ಮ ರಾತ್ರಿ ಕೂತು ಮಾಡಿಕೊಡುತ್ತಾರೆ. ಪಕ್ಕದ ಬೆಂಚಿನದನ್ನು ವಿವರಿಸು ಅಂತ ಕೇಳಿ, ಅದಕ್ಕೆ ಅಂಕ ಕೊಡಿ. ನಡೆಯದ ಮಾಡೆಲನ್ನು ಮುಚ್ಚಿಡಲು ಬಿಡಬೇಡಿ, ಎಲ್ಲಿ ನಿಂತಿತು ಅಂತ ಚೀಟಿಯಲ್ಲಿ ಬರೆಸಿ. ಸಮಯ ಹಿಡಿಯುತ್ತದೆ, ನಿಜ. ನಮಗೆ ಎರಡು ವಾರದ ಸಮಾಜ ಪೀರಿಯಡ್ಡು ಪೂರ್ತಿ ಹೋಗುತ್ತದೆ, ಪೋರ್ಷನ್ ಮುಗಿಸೋಕೆ ಆಮೇಲೆ ಶನಿವಾರ ಕೂರಿಸಬೇಕಾಗುತ್ತದೆ, ಮಕ್ಕಳು ಬೈದುಕೊಳ್ಳುತ್ತಾರೆ.

ಆ ರೋಲರ್ ಹುಡುಗ ಪ್ರದರ್ಶನದ ದಿನ ಬೆಳಿಗ್ಗೆ ಅಂತರವನ್ನು ಮೂರು ಸೆಂಟಿಮೀಟರಿಗೆ ತಂದಿದ್ದ. ಹಂಜಿ ಹರಿಯಲಿಲ್ಲ. ಒಂದು ಗೇಣು ಸಣ್ಣಗಾಗಿ ಈಚೆ ಬಂತು, ಅವನು ಬೆರಳಲ್ಲೇ ಹುರಿ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಸೈಕಲ್ ರಬ್ಬರ್ ಸಡಿಲವಾಗಿ ಮತ್ತೆ ಜಾರತೊಡಗಿತು. ಚೀಟಿಯ ಮೂರನೇ ಸಾಲನ್ನು ಹೊಡೆದು ಹಾಕಿ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದ: 'ರಬ್ಬರ್ ಜಾರುತ್ತದೆ. ಮೇಲಿನ ರೋಲರಿಗೆ ಭಾರ ಬೇಕು.' ಆರ್ಕ್‌ರೈಟನ ಯಂತ್ರದಲ್ಲಿ ಮೇಲಿನ ರೋಲರುಗಳಿಗೆ ಚರ್ಮ ಸುತ್ತಿ ಭಾರ ತೂಗುಹಾಕಿರುತ್ತಿದ್ದರು. ಅದನ್ನು ನಾನು ಅವನಿಗೆ ಹೇಳಿರಲಿಲ್ಲ.